ಅಕ್ಕನ ದಾರ

“ಆ ಪೆಟ್ಟಿಗೆ ಅಲ್ಲೇ ಇಡು,” ಎಂದು ವರ್ಡಿ ಚರ್ಚಿನ ಬಾಗಿಲಿಗೆ ಅಡ್ಡ ಕೈಯಿಟ್ಟಳು.

ಡೆನ್ಜಿಲ್ ಆಗಲೇ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಾಗಿತ್ತು. ಅವನ ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಇನ್ನೊಂದರಲ್ಲಿ ತಾನು ಜೊತೆಗೆ ಬಾರಿಸುತ್ತಿದ್ದ, ಈಗ ಒಳಗೆ ಹೆಣವಾಗಿ ಮಲಗಿದ್ದವಳ ಗಿಟಾರಿನ ಪೆಟ್ಟಿಗೆ. ಗುಡ್ಡದಾಚೆಯ ಊರಿಂದ ಬೆಳಗ್ಗೆಯೇ ಹೊರಟು ಬಂದಿದ್ದ, ಮೊಣಕಾಲು ನೋಯುತ್ತಿತ್ತು.

“ಬಾರಿಸಲ್ಲ ವರ್ಡಕ್ಕ. ಸುಮ್ನೆ ಅವಳ ಪಕ್ಕದಲ್ಲಿ ಇಡ್ತೀನಿ.”

“ಪಕ್ಕದಲ್ಲಿ ಇಡೋದಕ್ಕೆ ಅದೇನು ಅವಳ ಗಂಡನಾ?”

“ಗಂಡನಿಗಿಂತ ಜಾಸ್ತಿ ದಿನ ಜೊತೇಲಿತ್ತಲ್ಲ.”

ಹಿಂದೆ ನಿಂತಿದ್ದ ಇಬ್ಬರು ನಕ್ಕು, ಬಂದದ್ದು ಮಣ್ಣಿಗೆ ಎಂದು ನೆನಪಾಗಿ ಕೆಮ್ಮಿದರು. ವರ್ಡಿ ಕೈ ತೆಗೆಯಲಿಲ್ಲ. ಸ್ಟಿಲ್‌ಹೌಸ್ ಹಳ್ಳ ಎಂಬ ಆ ಗುಡ್ಡಗಾಡು ಊರಿನ ಚರ್ಚಿನ ಹೊಸ್ತಿಲನ್ನು ಯಾವ ವಾದ್ಯವೂ ದಾಟಿದ್ದಿಲ್ಲ. ದೇವರಿಗೆ ಮನುಷ್ಯನ ಗಂಟಲು ಸಾಕು, ತಂತಿ ಬೇಕಿಲ್ಲ ಎಂಬುದು ಆ ಸಭೆಯವರ ಕಟ್ಟುನಿಟ್ಟು. ವರ್ಡಿಯ ಅಪ್ಪ ಗಣಿಯಲ್ಲಿ ಕಲ್ಲಿದ್ದಲು ಅಗೆಯುತ್ತ, ಭಾನುವಾರ ಇದೇ ಸಭೆಗೆ ಹಿರಿಯನಾಗಿ ನಿಂತು ಆ ಕಟ್ಟನ್ನು ಕಾದವನು. ಅಂಥವನ ಚಿಕ್ಕ ಮಗಳು, ಈಗ ಒಳಗೆ ಮಲಗಿದ್ದ ಮೊಜೆಲ್, ಗಿಟಾರು ಹಿಡಿದು ಊರೂರು ಹಾಡಿದಳು ಎಂದರೆ ಮನೆಯೊಳಗೆ ಏನಾಗಿರಬಹುದೆಂದು ಬೇರೆ ಹೇಳಬೇಕಿಲ್ಲ.

ಡೆನ್ಜಿಲ್ ಎರಡೂ ಪೆಟ್ಟಿಗೆಗಳನ್ನು ಬೋರಿನ ಪಕ್ಕದ ಕಲ್ಲುಹಾಸಿನ ಮೇಲೆ ಇಟ್ಟು ಬಂದ. ಅಷ್ಟರಲ್ಲಿ ಮೊಜೆಲ್‌ಳ ಮಗಳು ಜೋನೆಲ್ ಒಳಗಿನಿಂದ ಬಂದು ವರ್ಡಿಯ ತೋಳು ಹಿಡಿದಳು.

“ದೊಡ್ಡಮ್ಮ, ಗಿಟಾರು ಬೇಡ ಅಂದ್ರೆ ಬೇಡ. ಹಾಡಾದ್ರೂ ಹಾಡ್ಲಿ. ಆಸ್ಪತ್ರೇಲಿ ಅಮ್ಮ ಕೇಳಿದ್ದು ಅದೊಂದೇ. ‘ಅಕ್ಕನ ದಾರ’ನ ಅಕ್ಕನ ಮುಂದೆ ಒಂದ್ಸಲ ಕೊನೇವರೆಗೂ ಹಾಡಿ ಅಂದ್ಲು.”

“ಪುಸ್ತಕದಲ್ಲಿರೋ ಯಾವುದು ಬೇಕಾದ್ರೂ ಹಾಡಿ. ಅದೊಂದು ಬೇಡ.”

“ವಾದ್ಯ ಇಲ್ದೇನೇ...”

“ವಾದ್ಯದ ಮಾತಲ್ಲ ಕಣೇ!” ವರ್ಡಿ ತೋಳು ಬಿಡಿಸಿಕೊಂಡಳು. “ಆ ಹಾಡು ಇಷ್ಟು ವರ್ಷ ನನ್ನ ಮುಖಕ್ಕೆ ಮಸಿ ಬಳೀತಾ ಬಂತು. ಇವತ್ತೂ ಬಳಿಸ್ಕೋಬೇಕಾ, ಅವಳ ಹೆಣದ ಮುಂದೆ ನಿಂತು?”

ಜೋನೆಲ್ ತಲೆ ತಗ್ಗಿಸಿದಳು. ಆ ಹಾಡು ಯಾರಿಗೆ ಗೊತ್ತಿಲ್ಲ? ಮೊಜೆಲ್ ಕಟ್ಟಿದ ಹಾಡುಗಳಲ್ಲಿ ಕೆಂಟಕಿಯ ಆ ಮೂಲೆಯ ರೇಡಿಯೋ ಎತ್ತಿಕೊಂಡದ್ದು ಅದೊಂದನ್ನೇ. ಅದರಲ್ಲಿ ಎಲ್ಲರ ಬಾಯಲ್ಲೂ ನಿಂತದ್ದು ಒಂದೇ ಸಾಲು. *ಅಪ್ಪ ಮಲಗಿದ ಮೇಲೆ ಮೆಲ್ಲಗೆ ದಾರ ಎಳೆದಿಟ್ಟಳು ಅಕ್ಕ.* ಹಿಮ ಬೀಳುವಾಗ ತಂಗಿಯನ್ನು ಹೊರಗೆ ನಿಲ್ಲಿಸಿದ ಅಕ್ಕ. ಅದೂ ಅಪ್ಪ ಹೇಳಿ ಮಾಡಿದ್ದಲ್ಲ, ಅಪ್ಪ ಮಲಗಿದ ಮೇಲೆ ತಾನೇ ಎದ್ದು ಬಂದು ಮಾಡಿದ್ದು. ಅಂಗಡಿಯ ಹೋಬರ್ಟನಂತೂ ವರ್ಡಿ ಸಾಮಾನು ಕಟ್ಟಿಸಿಕೊಂಡು ಹೊರಟಾಗಲೆಲ್ಲ, “ಬಾಗಿಲು ಹಾಕ್ಕೊಂಡು ಹೋಗಕ್ಕ, ನಿಂಗೆ ಅಭ್ಯಾಸ ಇದೆಯಲ್ಲ!” ಎನ್ನುತ್ತಿದ್ದ. ಅವನಿಗದು ತಮಾಷೆ. ಹಾಡು ಬಂದ ವರ್ಷ ಹುಟ್ಟಿದ ಮಕ್ಕಳಿಗೆ ಮದುವೆಯಾದರೂ ತಮಾಷೆ ಹಳತಾಗಲಿಲ್ಲ.

*

ಅಕ್ಕತಂಗಿಯರು ಚಿಕ್ಕವರಾಗಿದ್ದಾಗಿನ ಮನೆ ಮರದ ದಿಮ್ಮಿಯದು. ಬಾಗಿಲಿಗೆ ಒಳಗಡೆ ಮರದ ಅಗುಳಿ. ಅಗುಳಿಗೆ ಕಟ್ಟಿದ ತೊಗಲಿನ ದಾರ ಒಂದು ತೂತಿನಿಂದ ಹೊರಗೆ ಇಳಿಬಿದ್ದಿರುತ್ತಿತ್ತು. ಹೊರಗಿನವರು ದಾರ ಜಗ್ಗಿದರೆ ಅಗುಳಿ ಏಳುತ್ತದೆ, ಬಾಗಿಲು ತೆರೆಯುತ್ತದೆ. ಮಲಗುವ ಮುಂಚೆ ದಾರವನ್ನು ಒಳಗೆ ಎಳೆದುಕೊಂಡರೆ ಮುಗಿಯಿತು, ಹೊರಗಿನವನಿಗೆ ಬರೀ ಹಲಗೆ. ಈಗಲೂ ಆ ಕಡೆಯವರು ಬೀಳ್ಕೊಡುವಾಗ “ದಾರ ಹೊರಗಿರುತ್ತೆ, ಬನ್ನಿ” ಎನ್ನುತ್ತಾರೆ, ಮನೆಗೆ ಕಬ್ಬಿಣದ ಬೀಗವಿದ್ದರೂ.

ಹಾಡಿನಲ್ಲಿರುವ ಆ ಶನಿವಾರ ಮೊಜೆಲ್ ಅಪ್ಪನ ಮಾತು ಮೀರಿ ಪಟ್ಟಣದ ರೇಡಿಯೋದಲ್ಲಿ ಹಾಡಲು ಹೋಗಿದ್ದಳು. ಅಪ್ಪ ಉಂಡು ಎದ್ದು, “ಇವತ್ತು ದಾರ ಒಳಗಿರಲಿ,” ಎಂದ. ಅಮ್ಮ ಬದುಕಿರಲಿಲ್ಲ. ವರ್ಡಿ ಅಪ್ಪನ ಕಣ್ಣೆದುರೇ ದಾರ ಎಳೆದಳು. ಅವನು ಗೊರಕೆ ಹೊಡೆಯತೊಡಗಿದ ಮೇಲೆ ಅದನ್ನು ಮತ್ತೆ ತೂತಿನಲ್ಲಿ ತೂರಿಸಿ ಹೊರಗೆ ಬಿಟ್ಟಳು. ಹಿಮದ ಬಿಳುಪಿನಲ್ಲಿ ಕಾಣಲಿಕ್ಕಿಲ್ಲ ಎಂದು ತನ್ನ ಹಳೆಯ ಲಂಗದ ಅಂಚಿನಿಂದ ಕೆಂಪು ಚಿಂದಿ ಹರಿದು ಅದರ ತುದಿಗೆ ಕಟ್ಟಿದಳು.

ಬೆಳಗ್ಗೆ ಮೊದಲು ಎದ್ದವಳೂ ಅವಳೇ. ಬಾಗಿಲು ತೆರೆದಾಗ ದಾರ ಇದ್ದ ಹಾಗೇ ಇತ್ತು, ಚಿಂದಿ ಹೆಪ್ಪುಗಟ್ಟಿ ಸೆಟೆದುಕೊಂಡಿತ್ತು. ಅಂಗಳದ ಹಿಮದಲ್ಲಿ ಹೆಜ್ಜೆ ಮೂಡಿದ್ದವು. ಬೇಲಿಯಿಂದ ಬಂದು, ಜಗಲಿ ಹತ್ತಿ, ಬಾಗಿಲ ಮುಂದೆ ಒಂದಷ್ಟು ಹೊತ್ತು ನಿಂತು ಹಿಮ ತುಳಿದು, ಬಂದ ದಾರಿಯಲ್ಲೇ ವಾಪಸು ಹೋಗಿದ್ದವು. ವರ್ಡಿ ಪೊರಕೆ ತಂದು ಅಪ್ಪ ಏಳುವುದರೊಳಗೆ ಜಗಲಿ ಗುಡಿಸಿದಳು. ಚಿಂದಿ ಬಿಚ್ಚಿ ಒಲೆಗೆ ಹಾಕಿದಳು. ಆ ಚಿಂದಿಯ ವಿಷಯ ಅವಳು ಆಮೇಲೆ ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ.

ಮೊಜೆಲ್ ಪಟ್ಟಣದಲ್ಲೇ ಉಳಿದಳು. ಅಂಗಿ ಹೊಲಿಯುವ ಕಾರ್ಖಾನೆಗೆ ಹೋದಳು, ಮದುವೆಯಾದಳು, ಶನಿವಾರ ಶನಿವಾರ ಹಾಡಿದಳು. ಅಪ್ಪ ಸತ್ತ ಮೇಲೆ ಹಳ್ಳಕ್ಕೆ ಮರಳಿ ಬಂದು ಶಾಲೆಯ ಬಸ್ಸು ಓಡಿಸತೊಡಗಿದಳು. ಅಕ್ಕತಂಗಿಯರು ಜಗಳವಾಡಲಿಲ್ಲ. ವರ್ಡಿ ಬೇಸಿಗೆ ಕಳೆದ ಮೇಲೆ ದಾರಕ್ಕೆ ಪೋಣಿಸಿ ಒಣಗಿಸಿದ ಹುರುಳಿಕಾಯಿ ಕಳಿಸುತ್ತಿದ್ದಳು, ಮೊಜೆಲ್ ಒಣ ಸೇಬಿನ ಪದರ ಪದರದ ಕೇಕು ಕಳಿಸುತ್ತಿದ್ದಳು. ಬೆಕ್ಕಿನ ಮರಿಯಿಂದ ಹಿಡಿದು ಗವರ್ನರನವರೆಗೆ ಎಲ್ಲದರ ಮಾತೂ ಬರುತ್ತಿತ್ತು, ಆ ಹಾಡಿನ ಮಾತೊಂದು ಬಿಟ್ಟು.

ಹಾಡು ಮೊದಲು ರೇಡಿಯೋದಲ್ಲಿ ಬಂದ ದಿನ ವರ್ಡಿ ಸೇಬು ಕುದಿಸುತ್ತಿದ್ದಳು. ಆ ಸಾಲು ಬಂದದ್ದೇ ರೇಡಿಯೋ ಆರಿಸಿದಳು. ಆಮೇಲೂ ಎಲ್ಲಿ ಕೇಳಿದರೂ ಅಷ್ಟಕ್ಕೇ ಆರಿಸಿದಳು, ಇಲ್ಲವೇ ಎದ್ದು ಹೋದಳು. ಕತ್ತಲಲ್ಲಿ ಚಿಂದಿ ಕಾಣಲಿಲ್ಲ, ಪೆದ್ದು, ತಡವಿ ನೋಡಬಾರದಿತ್ತೇ ಎಂದು ಮೊದಮೊದಲು ಮರುಗಿದಳು. ಆಮೇಲಾಮೇಲೆ, ಒಂದು ಮಾತು ಕೇಳದೆ ಊರಿಗೆಲ್ಲ ಹಾಡಿದಳಲ್ಲ ಎಂದು ಎದೆ ಕಲ್ಲಾಯಿತು. ‘ನಾನು ಇಳಿಬಿಟ್ಟಿದ್ದೆ’ ಎಂದು ತಾನಾಗಿ ಹೋಗಿ ಹೇಳಿಕೊಳ್ಳಲು ಮನಸ್ಸು ಬಗ್ಗಲಿಲ್ಲ, ಅವಳೂ ಅದೇ ಅಪ್ಪನ ಮಗಳು.

*

ಒಳಗೆ ಎರಡನೆಯ ಬೋಧಕ ಎದ್ದು ನಿಂತಿದ್ದ. ಆ ಸಭೆಯಲ್ಲಿ ಒಬ್ಬರ ಬೋಧನೆಗೆ ಹೆಣ ಎತ್ತುವುದಿಲ್ಲ. ಜನ ನಡುನಡುವೆ ಎದ್ದು ಹೊರಗೆ ಬಂದು ನೀರು ಕುಡಿದು, ಹೊಗೆಸೊಪ್ಪು ಹಾಕಿಕೊಂಡು ಹೋಗುತ್ತಾರೆ. ಬೋರಿನ ಹತ್ತಿರ ನಾಲ್ಕು ಜನ ಸೇರಿದ್ದರು.

“ನನ್ನ ಅವಳು ಬಸ್ಸಿಂದ ಇಳಿಸಿಬಿಟ್ಟಿದ್ಲು ಒಂದ್ಸಲ,” ಎಂದ ಬೋಳುತಲೆಯ ಒಬ್ಬ. “ಶ್ರುತಿ ಬಿಟ್ಟು ಹಾಡ್ತೀಯ, ನಡ್ಕೊಂಡು ಬಾ ಅಂತ.”

“ಎಷ್ಟು ದೂರ?”

“ಆ ತಿರುವಿನ ತನಕ ಅಷ್ಟೇ. ಅಲ್ಲಿ ನಿಲ್ಲಿಸ್ಕೊಂಡು ಕಾಯ್ತಿದ್ಲು. ಶ್ರುತಿ ಸಿಕ್ತೇನೋ ಅಂದ್ಲು.”

“ಸಿಕ್ತಾ?”

“ಇವತ್ತಿಗೂ ಸಿಕ್ಕಿಲ್ಲ.”

ವರ್ಡಿ ಹೊರಗೆ ಬಂದದ್ದು ಕಂಡು ಅವರು ದಾರಿ ಬಿಟ್ಟು ಒಳಗೆ ನಡೆದರು. ಡೆನ್ಜಿಲ್ ಕಲ್ಲುಹಾಸಿನ ಮೇಲೆ ತನ್ನ ಪೆಟ್ಟಿಗೆಗಳ ಪಕ್ಕ ಕೂತಿದ್ದ. ಎದ್ದು ಬೋರು ಹೊಡೆದು ಅವಳಿಗೆ ತಂಬಿಗೆ ತುಂಬಿ ಕೊಟ್ಟ.

“ವರ್ಡಕ್ಕ, ಬೆಳಗ್ಗೆ ನೀ ಮಸಿ ಅಂದೆಯಲ್ಲ. ಅರ್ಥ ಆಗ್ಲಿಲ್ಲ ನಂಗೆ.”

“ಅವಳ ಜೊತೆ ಊರೂರು ಪಿಟೀಲು ಕುಯ್ದವನು ನೀನು. ನಿಂಗೆ ಅರ್ಥ ಆಗ್ಲಿಲ್ವಾ? ದಾರ ಎಳೆದಿಟ್ಟಳು ಅಕ್ಕ, ದಾರ ಎಳೆದಿಟ್ಟಳು ಅಕ್ಕ! ನಾನು ಎಳೆದಿಡ್ಲಿಲ್ಲ ಕಣಪ್ಪ. ದೇವರಾಣೆ ಎಳೆದಿಡ್ಲಿಲ್ಲ.”

ಡೆನ್ಜಿಲ್ ಒಂದು ಹೆಜ್ಜೆ ಹತ್ತಿರ ಬಂದ.

“ಎಳೆದಿಟ್ಟಳು ಅಂತ ಅವಳು ಯಾವತ್ತು ಹಾಡಿದ್ಲು?”

“ನನ್ನ ಕಿವಿ ಕೆಪ್ಪಾ?”

“ಇಳಿಬಿಟ್ಟಳು, ವರ್ಡಕ್ಕ. ದಾರ ಇಳಿಬಿಟ್ಟಳು ಅಕ್ಕ. ಅವಳು ಹಾಡಿದ್ದು ಅದು. ರೆಕಾರ್ಡು ಮಾಡೋವಾಗ ನನ್ನ ಕಮಾನು ಸರಿಯಾಗಿ ಆ ಪದದ ಮೇಲೇ ಬಂದು ಪದ ಮುಳುಗಿಹೋಯ್ತು. ಸ್ಟುಡಿಯೋದವನಿಗೆ ಅದು ಹಿಡಿಸ್ತು, ಇರ್ಲಿ ಬಿಡು ಅಂದ. ಜನರ ಕಿವಿಗೆ ಬಿದ್ದದ್ದು ಎಳೆದಿಟ್ಟಳು. ಬಿದ್ದದ್ದು ಬಿತ್ತು.”

“ಸತ್ತವಳ ಕಡೆ ಮಾತಾಡ್ತಾ ಇದೀಯ ನೀನು.”

“ಪಕ್ಕದಲ್ಲಿ ನಿಂತು ಕೇಳಿದವನು ನಾನೊಬ್ನೇ ಅಲ್ವಾ?”

“ಹಾಗಿದ್ರೆ ತಿದ್ದೋದಕ್ಕೆ ಏನಾಗಿತ್ತು ಅವಳಿಗೆ? ಬಾಯಿ ಬಿದ್ದು ಹೋಗಿತ್ತಾ?”

ಡೆನ್ಜಿಲ್ ನಕ್ಕುಬಿಟ್ಟ. ನಗಬಾರದ ಜಾಗವೆಂದು ಗೊತ್ತಿದ್ದರೂ ನಕ್ಕ. “ತಿದ್ದೋದಕ್ಕೆ ಹೋಗಿಯೇ ಕೆಟ್ಟದ್ದು ಅದು,” ಎಂದ.

*

ಅವನು ಹೇಳಿದ್ದು ಹೀಗೆ. ಹೈಸ್ಕೂಲಿನ ಆಟದ ಸಭಾಂಗಣವಿರಲಿ, ಕೋರ್ಟಿನ ಮುಂದಿನ ಹುಲ್ಲಿರಲಿ, ಮೊಜೆಲ್ ಎಲ್ಲಿ ಹಾಡಿದರೂ ಆ ಹಾಡನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಮೂರುಕಾಲಿನ ಎತ್ತರದ ಸ್ಟೂಲಿನ ಮೇಲೆ ಕೂತು ತಂತಿ ಬಿಗಿಯುತ್ತ ಜನರನ್ನು ಚುಡಾಯಿಸುತ್ತಿದ್ದಳು. “ಆ ಹಿಂದೆ ಟೋಪಿ ಹಾಕ್ಕೊಂಡು ನಿಂತಿದ್ದಾನಲ್ಲ ನಮ್ಮ ಪೊಲೀಸು, ಶೆರಿಫ್ ಸಾಹೇಬ, ಮೂರನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡಿದ್ದ. ಒರೆಸಿದವಳು ನಾನು. ನನ್ನ ಗಾಡೀನ ಅವನು ಎಲ್ಲೂ ನಿಲ್ಲಿಸೋ ಹಾಗಿಲ್ಲ!” ಜನ ಬಿದ್ದು ಬಿದ್ದು ನಗುವಾಗಲೇ ಹಾಡು ಶುರು ಮಾಡಿಬಿಡುತ್ತಿದ್ದಳು. ನಗು ಹಾಗೇ ತೆಳುವಾಗಿ ನಿಲ್ಲುತ್ತಿತ್ತು. ಅವಳ ಕಂಠ ದೊಡ್ಡದಲ್ಲ. ಎದುರಿಗೆ ಕೂತು ಮಾತಾಡಿದ ಹಾಗಿರುತ್ತಿತ್ತು, ಅದಕ್ಕೇ ಜನ ಮೈಯೆಲ್ಲ ಕಿವಿಯಾಗುತ್ತಿದ್ದರು.

ಜನ ತಪ್ಪು ಪದ ಹಾಡುತ್ತಾರೆಂದು ಗೊತ್ತಾದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಆ ಪದ ಬರುವ ಮುಂಚೆ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸುವುದು. ಡೆನ್ಜಿಲ್ ಕಮಾನು ಎತ್ತುವುದು. ಏನೂ ಇಲ್ಲದ ಆ ನಿಶ್ಶಬ್ದದಲ್ಲಿ ಅವಳೊಬ್ಬಳೇ ಪದ ಬಿಡಿಸಿ ಹೇಳಿದರೆ ಕೇಳಿಸದೆ ಎಲ್ಲಿಗೆ ಹೋಗುತ್ತದೆ?

ಜನ ಅದನ್ನು ತಮಗೆ ಬಿಟ್ಟುಕೊಟ್ಟ ಜಾಗವೆಂದುಕೊಂಡರು. ಮೊದಲ ಸಲ ನಿಲ್ಲಿಸಿದ್ದೇ ತಡ, ಇಡೀ ಸಭಾಂಗಣ ಒಂದೇ ಕೊರಳಲ್ಲಿ “ಎಳೆದಿಟ್ಟಳು!” ಎಂದು ಕೂಗಿತು. ಕೂಗಿ ಚಪ್ಪಾಳೆ ತಟ್ಟಿತು. ಮುಂದಿನ ಸಾಲುಗಳು ಚಪ್ಪಾಳೆಯಲ್ಲಿ ಮುಳುಗಿದವು. ಅಲ್ಲಿಂದಾಚೆಗೆ ಜನ ಆ ಕೂಗಿಗೆಂದೇ ಬರತೊಡಗಿದರು. ಒಮ್ಮೆ ಅವಳು ಮೈಕಿನಲ್ಲೇ, “ತಪ್ಪು ಹಾಡ್ತಿದ್ದೀರ ಕಣ್ರೋ, ಅದು ಹಂಗಲ್ಲ,” ಎಂದಳು. ಅದೂ ಶೆರಿಫನ ವಾಂತಿಯಂಥದೇ ತಮಾಷೆ ಎಂದು ನಕ್ಕರು. ಮುಂದಿನ ಸಲ ಇನ್ನೂ ಜೋರಾಗಿ ಕೂಗಿದರು.

“ಆವತ್ತು ಗಾಡೀಲಿ ವಾಪಸ್ ಬರ್ತಾ ನಾನೇ ಕೇಳ್ದೆ,” ಎಂದ ಡೆನ್ಜಿಲ್. “ಈ ಹಾಡು ಬಿಟ್ಟುಬಿಡೋಣ್ವಾ ಮೊಜೆಲ್ ಅಂತ. ಅದಕ್ಕವಳು, ‘ಹೋಗ್ಲಿ ಬಿಡು. ಊರಿಗೆ ಗೊತ್ತಾಗಿ ಏನಾಗ್ಬೇಕು? ಅಕ್ಕನಿಗೆ ಗೊತ್ತಲ್ಲ’ ಅಂದ್ಲು. ನೀನು ಹಾಡು ಕೇಳೋದಕ್ಕೆ ಬರದೆ ಇದ್ದದ್ದು ಚರ್ಚಿನ ಕಟ್ಟುಪಾಡಿಗೆ ಹೆದರಿ ಅಂದ್ಕೊಂಡಿದ್ಲು. ನಾನೂ ಹಾಗೇ ಅಂದ್ಕೊಂಡಿದ್ದೆ.”

ವರ್ಡಿ ತಂಬಿಗೆಯ ನೀರನ್ನು ಕುಡಿಯದೆ ನೆಲಕ್ಕೆ ಚೆಲ್ಲಿದಳು. ನಂಬಿಕೆ ಬರಲಿಲ್ಲ. ನಂಬಬೇಕೆಂಬ ಆಸೆ ಮಾತ್ರ ಇದ್ದಕ್ಕಿದ್ದ ಹಾಗೆ ಎಷ್ಟು ಜೋರಾಗಿ ಬಂತೆಂದರೆ ಅವಳಿಗೆ ಹೆದರಿಕೆಯಾಯಿತು.

“ನಿನ್ನ ಅಜ್ಜ ಸಾಲು ಕೊಟ್ಟು ಹಾಡಿಸ್ತಿದ್ದ, ಅಲ್ವಾ?” ಎಂದಳು.

“ಹೂಂ. ನಂಗೂ ಬರುತ್ತೆ.”

“ಪೆಟ್ಟಿಗೆ ಇಲ್ಲೇ ಇರ್ಲಿ. ಗುಡ್ಡದ ಮೇಲೆ, ಗುಂಡಿ ಹತ್ರ, ನಮ್ಮ ಸಭೆ ರೀತೀಲಿ ಸಾಲು ಕೊಡು. ನಮ್ಮ ಸಭೆ ಹಿರಿಯ ಆರ್ವಿಲಣ್ಣಂಗೆ ನಾನು ಹೇಳ್ತೀನಿ. ಆದ್ರೆ ಕೇಳು ಡೆನ್ಜಿಲ್, ಆ ಹಳೇ ಮಾತೇ ನನ್ನ ಕಿವಿಗೆ ಬಿತ್ತೋ, ನಾನು ಮಣ್ಣು ಹಾಕದೆ ಇಳಿದು ಬರ್ತೀನಿ.”

*

ಗುಡ್ಡದ ಅರ್ಧದವರೆಗೆ ಗಾಡಿ ಹೋಯಿತು, ಆಮೇಲೆ ಹೆಗಲು. ನೆರೆಯವರು ಬೆಳಗ್ಗೆಯೇ ಗುಂಡಿ ತೋಡಿ, ಹೆಣದ ಪೆಟ್ಟಿಗೆ ಇಳಿಸಲು ಅಡ್ಡಗಟ್ಟಿಗೆಗಳನ್ನಿಟ್ಟು ಎರಡು ಹಗ್ಗ ಹಾಸಿದ್ದರು. ಹಗ್ಗ ಅಂಗಡಿಯ ಹೋಬರ್ಟನವು. ಅವನೇ ಒಂದರ ತುದಿ ಹಿಡಿದು ನಿಂತಿದ್ದ. ಸಭೆಯ ಹಿರಿಯ ಆರ್ವಿಲ್ ಪ್ರಾರ್ಥನೆ ಮುಗಿಸಿ, ತನ್ನ ಟೋಪಿಯನ್ನು ಎದೆಗೊತ್ತಿಕೊಂಡು ಡೆನ್ಜಿಲನಿಗೆ ತಲೆಯಾಡಿಸಿದ.

ಆ ಸಭೆಯ ಹಾಡಿಕೆಯಲ್ಲಿ ಒಬ್ಬ ಸಾಲು ಕೊಡುತ್ತಾನೆ, ಬೇಗ ಬೇಗ, ಹೆಚ್ಚುಕಡಿಮೆ ಮಾತಿನಂತೆ. ಆಗ ಬೇರೆ ಯಾರೂ ಬಾಯಿ ತೆರೆಯುವುದಿಲ್ಲ. ಅವನು ಮುಗಿಸಿದ ಮೇಲೆ ಎಲ್ಲರೂ ಅದೇ ಸಾಲನ್ನು ಎತ್ತಿಕೊಂಡು, ಪದ ಪದವನ್ನೂ ಉದ್ದಕ್ಕೆ ಹಾಸಿ ಹಾಡುತ್ತಾರೆ. ಕೊಟ್ಟದ್ದನ್ನು ಹಾಡಬೇಕು, ಅಷ್ಟೇ.

ಡೆನ್ಜಿಲ್ ಕೊಟ್ಟ, ಜನ ಹಾಡಿದರು. ಪಟ್ಟಣದ ದಾರಿ ಬಂತು, ಹಿಮ ಬಂತು, ಬೇಲಿ ಬಂತು. ಕುಣಿಯುವ ಲಯದ ಹಾಡು ಈ ರೀತಿಗೆ ಸಿಕ್ಕಿ ಗುರುತು ಸಿಗದಷ್ಟು ಮುದಿಯಾಗಿತ್ತು.

“ಅಪ್ಪ ಮಲಗಿದ ಮೇಲೆ ಮೆಲ್ಲಗೆ,” ಎಂದ ಡೆನ್ಜಿಲ್. ಹಾಡಿದರು.

“ದಾರ ಇಳಿಬಿಟ್ಟಳು ಅಕ್ಕ.”

ಎಲ್ಲರೂ ಬಾಯಿ ತೆರೆದು, ಅಷ್ಟು ವರ್ಷದ ಅಭ್ಯಾಸದಲ್ಲಿ, ಕಣ್ಣು ಮುಚ್ಚಿಕೊಂಡು, “ದಾರ ಎಳೆದಿಟ್ಟಳು...” ಎಂದು ಎತ್ತಿಕೊಂಡರು.

ವರ್ಡಿ ಕೈಚೀಲ ತೋಳಿಗೆ ಏರಿಸಿ ತಿರುಗಿದಳು. ಜೋನೆಲ್ ಅವಳ ಶಾಲಿನ ಅಂಚು ಹಿಡಿದಳು, ವರ್ಡಿ ಬಿಡಿಸಿಕೊಂಡಳು.

“ನಿಲ್ಲಿಸಿ!” ಎಂದ ಡೆನ್ಜಿಲ್. ಹಾಡು ಅಡ್ಡಾದಿಡ್ಡಿಯಾಗಿ ನಿಂತಿತು. ಮಣ್ಣಿನ ಹಾಡನ್ನು ನಡುವೆ ನಿಲ್ಲಿಸಿದ್ದನ್ನು ಆ ಹಳ್ಳದಲ್ಲಿ ಯಾರೂ ಕಂಡಿರಲಿಲ್ಲ. “ನಾ ಕೊಟ್ಟ ಸಾಲು ಹಾಡಿ. ನಿಮ್ಮ ಸಾಲು ನಿಮ್ಮನೇಲಿಟ್ಕೊಳ್ಳಿ. ದಾರ. ಇಳಿ. ಬಿಟ್ಟಳು. ಅಕ್ಕ.”

ಯಾರೋ ಆರ್ವಿಲನ ಮುಖ ನೋಡಿದರು. ಆರ್ವಿಲ್ ಗಂಟಲು ಸರಿ ಮಾಡಿಕೊಂಡು, “ಕೊಟ್ಟದ್ದನ್ನ ಹಾಡ್ರಪ್ಪ,” ಎಂದ. ಜನ ತಡವರಿಸುತ್ತ, ಕಾಲಿಗೆ ಹೊಸ ಬೂಟು ಹಾಕಿಕೊಂಡವರ ಹಾಗೆ, “ಇಳಿಬಿಟ್ಟಳು” ಎಂದು ಹಾಡಿದರು.

ವರ್ಡಿ ಬೆನ್ನು ಹಾಕಿಯೇ ನಿಂತಿದ್ದಳು. ಹೋಗಲಿಲ್ಲ, ತಿರುಗಲೂ ಇಲ್ಲ. ಈ ಮಾತನ್ನು ಡೆನ್ಜಿಲ್ ಈಗ ಬದಲಿಸಿರಬಹುದು. ಒಳ್ಳೆಯ ಮನುಷ್ಯ, ತನ್ನನ್ನು ಸಮಾಧಾನ ಮಾಡಲು ಮಾಡಿರಬಹುದು. ಆ ಸಾಲಿನಿಂದಾಚೆಗೆ ಹಾಡಿನಲ್ಲಿ ಏನಿದೆಯೆಂದು ಅವಳು ಯಾವತ್ತೂ ಕೇಳಿದವಳಲ್ಲ.

“ತುದಿಯ ಕೆಂಪು ಚಿಂದಿ ಕಂಡೂ,” ಎಂದ ಡೆನ್ಜಿಲ್.

ವರ್ಡಿ ತಿರುಗಿದಳು.

ಜನ ಆ ಸಾಲನ್ನು ಉದ್ದಕ್ಕೆ ಹಾಡಿದರು. ಚಿಂದಿ ಎನ್ನುವ ಪದ ಗುಡ್ಡದ ಮೇಲೆ ತುಂಬಾ ಹೊತ್ತು ನಿಂತಿತು.

“ಕೈ ಚಾಚಲು ಬಿಡದು ಸೊಕ್ಕು.”

ಅದನ್ನೂ ಹಾಡಿ ಮುಗಿಸಿದರು.

“ಕಂಡಿದ್ದಳು,” ಎಂದಳು ವರ್ಡಿ.

“ಏನು ದೊಡ್ಡಮ್ಮ?”

“ಕಂಡಿದ್ದಳು ಕಣೇ, ಹಾಳಾದವಳು. ಕಂಡೂ ಹೋದಳು.” ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು, ಎರಡೂ ಒಟ್ಟಿಗೆ. “ಆ ಚಳೀಲಿ ಪಟ್ಟಣದವರೆಗೂ ನಡ್ಕೊಂಡು ಹೋದಳು. ಸೊಕ್ಕಂತೆ ಸೊಕ್ಕು! ನಂಗೇನು ಕಡಿಮೆ ಇತ್ತಾ?”

ಯಾರಿಗೂ ತಲೆಬುಡ ಗೊತ್ತಾಗಲಿಲ್ಲ, ಡೆನ್ಜಿಲನಿಗೂ. ಕೆಂಪು ಚಿಂದಿಯನ್ನು ಮೊಜೆಲ್ ಪ್ರಾಸಕ್ಕೆ ಹಾಕಿದ್ದೆಂದೇ ಅವನು ತಿಳಿದಿದ್ದ.

ಅಡ್ಡಗಟ್ಟಿಗೆ ತೆಗೆದರು. ಹಗ್ಗ ಬಿಗಿಯಿತು. ನಾಲ್ವರು ಹಿಂದಕ್ಕೆ ವಾಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು, ಪೆಟ್ಟಿಗೆ ತಳ ಮುಟ್ಟಿತು. ಒಂದು ಹಗ್ಗವನ್ನು ಈಚೆಗೆ ಎಳೆದು ಸುತ್ತಿಟ್ಟರು. ಹೋಬರ್ಟ್ ಇನ್ನೊಂದನ್ನು ಎಳೆಯತೊಡಗಿದ.

“ಎಳೀಬೇಡ,” ಎಂದಳು ವರ್ಡಿ.

“ಹಗ್ಗ ಅಲ್ವೇನಕ್ಕ? ಅಂಗಡೀಗೆ ಬೇಕು ನಂಗೆ.”

“ಇಳಿಬಿಟ್ಟಿರು.”

ಹೋಬರ್ಟ್ ಅವಳನ್ನು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಏನೂ ತಮಾಷೆ ಹೊಳೆಯಲಿಲ್ಲ. ತನ್ನ ಕೈಯಲ್ಲಿದ್ದ ತುದಿಯನ್ನು ನಿಧಾನವಾಗಿ ಹುಲ್ಲಿನ ಮೇಲೆ ಹಾಕಿದ. ವರ್ಡಿ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದಳು, ಉಳಿದವರೂ ಹಾಕಿದರು, ಆಮೇಲೆ ಸಲಿಕೆಗಳು ಬಂದವು. ಕೆಳಗೆ ಚರ್ಚಿನ ಅಂಗಳದಲ್ಲಿ ಹೆಂಗಸರು ಮೇಜು ಹಾಸಿ ಬೇಯಿಸಿದ ಹುರುಳಿಕಾಯಿಯ ಪಾತ್ರೆಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು. ಎಲ್ಲರೂ ಒಬ್ಬೊಬ್ಬರಾಗಿ ಇಳಿದರು.

ಮಣ್ಣಿನ ದಿಬ್ಬವನ್ನು ಸಲಿಕೆಯ ಬೆನ್ನಿನಿಂದ ತಟ್ಟಿ ನುಣುಪು ಮಾಡಿದ್ದರು. ಅದರ ಅಂಚಿನಿಂದ ಹಗ್ಗದ ತುದಿ, ಕೈಗೆಟಕುವಷ್ಟು, ಹೊರಗೆ ಬಿದ್ದಿತ್ತು.